ಕೂಳೆ ಜೋಳ, ಎರಡು ಇಂಜೆಕ್ಷನ್

ಮಳೆ ಕೈಕೊಟ್ಟ ವರ್ಷ ಬಾಡಿದ ಕೂಳೆ ಜೋಳ ಮೇಯ್ದು ನಮ್ಮ ಹಸು ದೊಪ್ಪನೆ ಬಿತ್ತು. ಏದುಸಿರು, ಬಾಯಲ್ಲಿ ನೊರೆ. ಡಾಕ್ಟರು ಓಡಿಬಂದು ಸೋಡಿಯಂ ನೈಟ್ರೈಟ್, ಅದರ ಹಿಂದೆಯೇ ಸೋಡಿಯಂ ಥಯೋಸಲ್ಫೇಟ್ ನರಕ್ಕೆ ಕೊಟ್ಟರು. ಹಸು ಎದ್ದಿತು.

ಆಮೇಲೆ ಇದರ ಹಿಂದಿನ ಕಥೆ ಹುಡುಕಿ ಓದಿದೆ. ಎಳೆ ಜೋಳದಲ್ಲಿ ಸೈನೈಡ್ ಬಿಡುವ ಧುರಿನ್ ಇದೆ ಅಂತ 1902ರಲ್ಲಿ ಡನ್‌ಸ್ಟನ್, ಹೆನ್ರಿ ತೋರಿಸಿದ್ದರು. ಮದ್ದು ಗಟ್ಟಿಯಾಗಿದ್ದು 1933ರಲ್ಲಿ. ಅಮೆರಿಕದಲ್ಲಿ ಕೆ.ಕೆ. ಚೆನ್ ಮತ್ತು ಜೊತೆಗಾರರು ನಾಯಿಗಳ ಮೇಲೆ ಪರೀಕ್ಷಿಸಿ, ಇವೆರಡೂ ಜೊತೆಯಾದರೆ ಬಲ ಹೆಚ್ಚು ಅಂತ ಕಂಡುಕೊಂಡರು. ನೈಟ್ರೈಟು ರಕ್ತದ ಹಿಮೋಗ್ಲೋಬಿನ್ನನ್ನು ಸ್ವಲ್ಪ ಬದಲಿಸಿ ವಿಷ ಹಿಡಿಸುತ್ತೆ. ಥಯೋಸಲ್ಫೇಟು ಗಂಧಕ ಕೊಟ್ಟು ಅದನ್ನ ಮೂತ್ರದಲ್ಲಿ ಕಳಿಸುತ್ತೆ. ಮನುಷ್ಯರಿಗೂ ಇದೇ ಜೋಡಿ ಬಳಕೆಗೆ ಬಂತು.

ಆದರೆ ಇದು ನಿಮಿಷಗಳ ಲೆಕ್ಕ ಕಣ್ರೀ. ದನ ಬಿದ್ದರೆ ಮನೆಮದ್ದು ಹುಡುಕಬೇಡಿ, ಮೊದಲು ಡಾಕ್ಟರಿಗೆ ಫೋನ್ ಮಾಡಿ. ಬಾಡಿದ ಕೂಳೆಗಂತೂ ದನ ಬಿಡಲೇಬೇಡಿ.