ವಿಷಯ ಬದಲಿಸಿದವರ ಜಿಲ್ಲೆ

ಪದವಿಯ ಮೊದಲ ವರ್ಷ ಮುಗಿಯುವ ಹೊತ್ತಿಗೆ ಪ್ರತಿ ಕಾಲೇಜಿನಲ್ಲೂ ಕೆಲವು ವಿದ್ಯಾರ್ಥಿಗಳಿಗೆ ತಾವು ತಪ್ಪು ತರಗತಿಯಲ್ಲಿ ಕುಳಿತಿದ್ದೇವೆ ಎಂಬುದು ಗೊತ್ತಾಗಿರುತ್ತದೆ. ಹಿರಿಯರ ಮಾತಿಗೋ ಅಂಕಪಟ್ಟಿಯ ಬಲಕ್ಕೋ ಸೇರಿಕೊಂಡ ವಿಷಯ ತಲೆಗೆ ಹತ್ತುವುದಿಲ್ಲ. ಬಿಟ್ಟರೆ ಒಂದು ವರ್ಷ ಹಾಳು, ಕಟ್ಟಿದ ಶುಲ್ಕ ನಷ್ಟ, ನೆಂಟರಿಷ್ಟರ ಮಾತು ಬೇರೆ. ಬಿಡದಿದ್ದರೆ ಬದುಕಿಡೀ ಬೇಡದ ಕೆಲಸ. ವಿದ್ಯೆಗೆ ಹೆಸರಾದ ಉಡುಪಿ ಜಿಲ್ಲೆಯಲ್ಲಿ ಈ ಇಕ್ಕಟ್ಟು ಹೊಸತಲ್ಲ. ಅದರಿಂದ ಪಾರಾಗುವ ದಾರಿ ಮಾತ್ರ ಕಾಲಕಾಲಕ್ಕೆ ಬದಲಾಗಿದೆ. ವಿದ್ಯಾರ್ಥಿಯ ಧೈರ್ಯಕ್ಕಿಂತಲೂ ಆಯಾ ಕಾಲದಲ್ಲಿ ತೆರೆದಿದ್ದ ಬಾಗಿಲುಗಳೇ ಆ ದಾರಿಯನ್ನು ಹೆಚ್ಚಾಗಿ ನಿರ್ಧರಿಸಿವೆ.

ಕಾರ್ಕಳ ತಾಲೂಕಿನ ನಂದಳಿಕೆಯಲ್ಲಿ 1870ರಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪನವರಿಗೆ ಅಂತಹ ಬಾಗಿಲೇ ಇರಲಿಲ್ಲ. ಬಡತನದಿಂದ ಓದು ಮುಂದುವರಿಯದೆ ಅವರು ವ್ಯಾಯಾಮ ಶಿಕ್ಷಕರಾದರು. ಕುಂದಾಪುರ, ಉಡುಪಿಯ ಶಾಲೆಗಳಲ್ಲಿ ಹಗಲು ಮಕ್ಕಳಿಗೆ ಡ್ರಿಲ್ ಹೇಳಿಕೊಡುತ್ತಿದ್ದ ಇವರೇ 'ಶ್ರೀರಾಮಾಶ್ವಮೇಧ' ಬರೆದ ಮುದ್ದಣ. ತಮ್ಮ ಕೃತಿಗಳನ್ನು ಹಳೆಯ ಕವಿಯೊಬ್ಬನ ರಚನೆ ಎಂಬಂತೆ ಮೈಸೂರಿನ ಪತ್ರಿಕೆಗೆ ಕಳುಹಿಸಿದ ಕಥೆ ಪ್ರಸಿದ್ಧ. ಕಲಿತದ್ದು ಒಂದು, ಒಲವು ಇನ್ನೊಂದು. ಎರಡನ್ನೂ ಹೊತ್ತುಕೊಂಡೇ ಬದುಕಬೇಕಾದ ಈ ಕವಿ 1901ರಲ್ಲಿ, 31ರ ಹರೆಯದಲ್ಲಿ ಕ್ಷಯರೋಗಕ್ಕೆ ಬಲಿಯಾದರು.

ಮುಂದಿನ ತಲೆಮಾರಿಗೆ ಕಾಲೇಜು ಸಿಕ್ಕಿತು. ಆದರೆ ಅದು ಮಂಗಳೂರಿನಲ್ಲಿತ್ತು. ಕೋಟದ ಶಿವರಾಮ ಕಾರಂತರು 1920ರ ದಶಕದ ಆರಂಭದಲ್ಲಿ ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಅಲ್ಲಿನ ಓದನ್ನು ಬಿಟ್ಟು ಹೊರಬಂದರು. ಮತ್ತೆ ಕಾಲೇಜು ಸೇರಲಿಲ್ಲ. ಆಮೇಲೆ ಅವರು ಕೈಹಾಕಿದ ವಿಷಯಗಳನ್ನು ಲೆಕ್ಕ ಹಾಕಿದರೆ ಒಂದು ವಿಶ್ವವಿದ್ಯಾನಿಲಯದ ವಿಭಾಗಗಳೇ ನೆನಪಾಗುತ್ತವೆ: ಕಾದಂಬರಿ, ಯಕ್ಷಗಾನ, ಮಕ್ಕಳ ಶಿಕ್ಷಣ, ವಿಜ್ಞಾನ, ಪರಿಸರ. ಪದವಿಯಿಲ್ಲದ ಕಾರಂತರಿಗೆ ವಿಶ್ವವಿದ್ಯಾನಿಲಯಗಳು ಗೌರವ ಡಾಕ್ಟರೇಟ್ ಕೊಟ್ಟವು. 1977ರ ಜ್ಞಾನಪೀಠವೂ ಬಂತು. ಆದರೆ ಇದು ಎಲ್ಲರಿಗೂ ಹೇಳಬಹುದಾದ ದಾರಿಯಲ್ಲ. ಕಾಲೇಜು ಬಿಟ್ಟ ಪ್ರತಿಯೊಬ್ಬರೂ ಕಾರಂತರಾಗುವುದಿಲ್ಲ.

ಬೇಕಾದ ವಿಷಯ ಸಿಗಬೇಕಾದರೆ ಊರನ್ನೇ ಬಿಡಬೇಕಾಗಿತ್ತು ಎಂಬುದಕ್ಕೆ ಕಾಪು ತಾಲೂಕಿನ ಅದಮಾರಿನ ಯು. ಆರ್. ರಾವ್ ಉದಾಹರಣೆ. 1932ರಲ್ಲಿ ಹುಟ್ಟಿದ ಅವರು ಉಡುಪಿಯಲ್ಲಿ ಹೈಸ್ಕೂಲು ಮುಗಿಸಿ ಇಂಟರ್‌ಮೀಡಿಯಟ್‌ಗೆ ಬಳ್ಳಾರಿಗೆ, ಬಿ.ಎಸ್ಸಿ.ಗೆ ಅನಂತಪುರಕ್ಕೆ, ಎಂ.ಎಸ್ಸಿ.ಗೆ ಬನಾರಸಕ್ಕೆ ಹೋದರು. ವಿಕ್ರಮ್ ಸಾರಾಭಾಯ್ ಅವರ ಬಳಿ ಕಾಸ್ಮಿಕ್ ಕಿರಣಗಳ ಸಂಶೋಧನೆ ಮಾಡಿದ ಈ ಭೌತವಿಜ್ಞಾನಿ ನಡುವಯಸ್ಸಿನಲ್ಲಿ ಉಪಗ್ರಹ ನಿರ್ಮಾಣಕ್ಕೆ ಹೊರಳಿದರು. ಅವರ ನೇತೃತ್ವದಲ್ಲಿ ಸಿದ್ಧವಾದ 'ಆರ್ಯಭಟ' 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಮೇಲೇರಿತು. ಓದಿದ ವಿಷಯವೇ ಕಡೆಯ ವಿಷಯವಾಗಬೇಕಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಅಷ್ಟರಲ್ಲಿ ಊರಿಗೂ ಕಾಲೇಜುಗಳು ಬಂದಿದ್ದವು. 1949ರಲ್ಲಿ ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜು, 1953ರಲ್ಲಿ ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜು, 1957ರಲ್ಲಿ ಅಲ್ಲಿಯೇ ಎಂಜಿನಿಯರಿಂಗ್ ಕಾಲೇಜು, 1960ರಲ್ಲಿ ಕಾರ್ಕಳದ ಭುವನೇಂದ್ರ ಕಾಲೇಜು. ಇವುಗಳ ನಡುವೆ ಹೆಚ್ಚು ಸದ್ದು ಮಾಡದ ಒಂದು ಸಂಸ್ಥೆಯೆಂದರೆ 1957ರಲ್ಲಿ ಉಡುಪಿಯಲ್ಲಿ ಆರಂಭವಾದ ವೈಕುಂಠ ಬಾಳಿಗಾ ಕಾನೂನು ಕಾಲೇಜು. ಬಿ.ಎ., ಬಿ.ಕಾಂ., ಬಿ.ಎಸ್ಸಿ., ಯಾವ ಪದವಿ ಪಡೆದವರೂ ಮೂರು ವರ್ಷದ ಕಾನೂನು ಪದವಿಗೆ ಸೇರಬಹುದು. ಮೊದಲ ಆಯ್ಕೆ ಒಗ್ಗದವರಿಗೆ ಊರಿನಲ್ಲೇ ಎರಡನೆಯ ಅವಕಾಶ ಕೊಟ್ಟ ಬಾಗಿಲು ಇದು.

ಸೇರಿದ ಪದವಿಯನ್ನು ಮುಗಿಸಿ, ಆಮೇಲೆ ಹೊರಳುವ ಈ ದಾರಿಗೆ ಜಗತ್ತಿಗೆಲ್ಲ ಗೊತ್ತಿರುವ ನಿದರ್ಶನ ಮಣಿಪಾಲದ್ದೇ. ಹೈದರಾಬಾದಿನ ಸತ್ಯ ನಾಡೆಲ್ಲ ಇಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿ 1988ರಲ್ಲಿ ಪದವಿ ಪಡೆದರು. ತಮಗೆ ಬೇಕಾಗಿದ್ದ ಕಂಪ್ಯೂಟರ್ ವಿಜ್ಞಾನಕ್ಕೆ ಆಗ ಅಲ್ಲಿ ಒತ್ತು ಇರಲಿಲ್ಲ, ತಮ್ಮ ಒಲವು ಯಾವುದೆಂದು ತಿಳಿಯಲು ಎಲೆಕ್ಟ್ರಿಕಲ್ ಓದು ನೆರವಾಯಿತು ಎಂದು ಅವರೇ ಹೇಳಿಕೊಂಡಿದ್ದಾರೆ. ಅಮೆರಿಕದ ವಿಸ್ಕಾನ್ಸಿನ್–ಮಿಲ್ವಾಕಿ ವಿಶ್ವವಿದ್ಯಾನಿಲಯದಲ್ಲಿ ಅದೇ ವಿಷಯ ಓದಿ 1990ರಲ್ಲಿ ಎಂ.ಎಸ್. ಪಡೆದರು. 2014ರಲ್ಲಿ ಮೈಕ್ರೋಸಾಫ್ಟ್ ಮುಖ್ಯಸ್ಥರಾದರು. ಎಲೆಕ್ಟ್ರಿಕಲ್ ಓದಿದ ನಾಲ್ಕು ವರ್ಷ ವ್ಯರ್ಥವಾಯಿತೆಂದು ಯಾರೂ ಹೇಳಲಾರರು.

ಇನ್ನು ಪದವಿಯ ನಡುವೆಯೇ ಬದಲಿಸುವ ಮಾತು. ಎಂಜಿನಿಯರಿಂಗ್‌ನಲ್ಲಿ ಮೊದಲ ವರ್ಷದ ಪಾಠ ಬಹುಪಾಲು ಎಲ್ಲ ಶಾಖೆಗಳಿಗೂ ಒಂದೇ. ಹಾಗಾಗಿ ಅಂಕವೂ ಖಾಲಿ ಸೀಟೂ ಇದ್ದರೆ ಎರಡನೆಯ ವರ್ಷಕ್ಕೆ ಶಾಖೆ ಬದಲಿಸಬಹುದು. ವಿಚಿತ್ರವೆಂದರೆ, ಹಿಡಿದ ಶಾಖೆ ಒಗ್ಗದೆ ಅಂಕ ಕಡಿಮೆಯಾದವನಿಗೇ ಈ ಬಾಗಿಲು ಮುಚ್ಚಿರುತ್ತದೆ. ಬಿ.ಎ., ಬಿ.ಎಸ್ಸಿ.ಗಳಲ್ಲಿ ಬಹುಕಾಲ ನಡೆದುಬಂದ ಮೂರು ಐಚ್ಛಿಕ ವಿಷಯಗಳ ಪದ್ಧತಿ ಇನ್ನೂ ಉದಾರವಾದದ್ದು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರನ್ನೂ ಸಮವಾಗಿ ಓದಿ, ಎಂ.ಎಸ್ಸಿ.ಗೆ ಒಂದನ್ನು ಉಳಿಸಿಕೊಂಡರಾಯಿತು. ತೀರ್ಮಾನವನ್ನು ಮೂರು ವರ್ಷ ಮುಂದೂಡುವ ಅವಕಾಶ ಅದರಲ್ಲೇ ಅಡಗಿತ್ತು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಬಂದ ನಾಲ್ಕು ವರ್ಷದ ಪದವಿಯನ್ನು 2024ರಲ್ಲಿ ಕೈಬಿಟ್ಟ ಕರ್ನಾಟಕ ಮೂರು ವರ್ಷದ ಪದವಿಗೆ ಮರಳಿತು. ಮೂರೇ ವರ್ಷಗಳಲ್ಲಿ ನಿಯಮ ಎರಡು ಬಾರಿ ಬದಲಾದಾಗ ಗೊಂದಲಕ್ಕೆ ಬಿದ್ದವರು ವಿದ್ಯಾರ್ಥಿಗಳು.

ಇಲ್ಲಿ ಪಾಲಕರು ಗಮನಿಸಬೇಕಾದ ಒಂದು ಸಂಗತಿಯಿದೆ. ನಮ್ಮ ಶಿಕ್ಷಣದಲ್ಲಿ ಬದಲಾವಣೆಯ ರಸ್ತೆ ಏಕಮುಖ ಸಂಚಾರದ್ದು. ವಿಜ್ಞಾನ ಓದಿದವನು ಕಾನೂನಿಗೆ, ಪತ್ರಿಕೋದ್ಯಮಕ್ಕೆ, ಇಂಗ್ಲಿಷ್ ಎಂ.ಎ.ಗೆ ಹೋಗಬಹುದು. ಪಿಯುಸಿಯಲ್ಲಿ ವಿಜ್ಞಾನ ಬಿಟ್ಟವನು ಮತ್ತೆ ಅತ್ತ ಹೋಗುವುದು ಬಲು ಕಷ್ಟ. 'ಹೇಗೂ ಇರಲಿ' ಎಂದು ಮಕ್ಕಳನ್ನು ವಿಜ್ಞಾನಕ್ಕೆ ನೂಕುವ ಅಭ್ಯಾಸದ ಹಿಂದೆ ಈ ಲೆಕ್ಕಾಚಾರವೂ ಇದೆ. ಅಂದರೆ ನಿಜವಾದ ಆಯ್ಕೆ ನಡೆಯುವುದು ಕಾಲೇಜಿನಲ್ಲಲ್ಲ, ಹದಿನಾರನೆಯ ವಯಸ್ಸಿನಲ್ಲಿ, ಹತ್ತನೆಯ ತರಗತಿಯ ಫಲಿತಾಂಶದ ವಾರದಲ್ಲಿ. ಆ ವಯಸ್ಸಿನ ತೀರ್ಮಾನ ತಪ್ಪುವುದು ಸಹಜ. ತಪ್ಪಿದ್ದನ್ನು ತಿದ್ದಿಕೊಳ್ಳುವುದನ್ನು ಸೋಲು ಎಂದು ಕರೆಯುವುದು ಮಾತ್ರ ಅನ್ಯಾಯ.

ಮುದ್ದಣನಿಗೆ ಇಲ್ಲದ ಅನುಕೂಲ ಇಂದಿನ ಕಾರ್ಕಳದ ಹುಡುಗನಿಗೆ ಇದೆ. ಕಾನೂನು, ಎಂಜಿನಿಯರಿಂಗ್, ವೈದ್ಯಕೀಯ ಎಲ್ಲವೂ ಒಂದೆರಡು ಗಂಟೆಯ ಬಸ್ ಪ್ರಯಾಣದ ದೂರದಲ್ಲಿವೆ. ವಿಷಯ ಬಿಡುವ ಮೊದಲು ಅವನು ವಿಚಾರಿಸಿಕೊಳ್ಳಬೇಕಾದದ್ದು ಮೂರು: ಇದುವರೆಗಿನ ಓದು ಯಾವುದಕ್ಕೆ ಉಪಯೋಗವಾಗುತ್ತದೆ, ಬದಲಿಸಲು ಕಡೆಯ ದಿನ ಯಾವುದು, ಈಗ ಬಿಡುವುದು ಮೇಲೋ ಮುಗಿಸಿ ಹೊರಳುವುದು ಮೇಲೋ. ಈ ಪ್ರಶ್ನೆಗಳಿಗೆ ಉತ್ತರ ಹೇಳಬಲ್ಲ ಒಬ್ಬ ಅಧ್ಯಾಪಕ ಪ್ರತಿ ಕಾಲೇಜಿನಲ್ಲಿದ್ದರೆ ಎಷ್ಟೋ ವರ್ಷಗಳು ಉಳಿದಾವು.