ಹಿರಿಯರನ್ನು ಕೇರ್ ಹೋಂಗೆ ಸೇರಿಸುವ ಮುನ್ನ: ಗವಿಪುರಂ ಮನೆಯವರಿಗೆ ಗೊತ್ತಿರಬೇಕಾದ ಮಾಹಿತಿ ಇಲ್ಲಿದೆ

ಗವಿಪುರಂ: ಗವಿಗಂಗಾಧರೇಶ್ವರ ದೇವಸ್ಥಾನದ ಸುತ್ತಮುತ್ತ, ಗುಟ್ಟಹಳ್ಳಿ, ಹನುಮಂತನಗರದ ಕಡೆ ಹಳೇ ಮನೆಗಳಿಗೇನೂ ಕಮ್ಮಿಯಿಲ್ಲ. ಕೆಳಗೆ ಅಂಗಡಿ, ಮೇಲೆ ಮನೆ, ಮಧ್ಯೆ ಕಿರಿದಾದ ಮೆಟ್ಟಿಲು. ಮನೆಯ ಹಿರಿಯರು ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ಮತ್ತೆ ಆ ಮೆಟ್ಟಿಲು ಹತ್ತಿಳಿಯೋದು ಕಷ್ಟ. ಮಕ್ಕಳು ಬೆಳಿಗ್ಗೆ ಶೆಟರ್ ಎತ್ತಿದರೆ ರಾತ್ರಿವರೆಗೂ ಬಿಡುವಿರಲ್ಲ. ಮನೆಗೇ ಆಯಾ ಇಡೋದಾ, ಕೇರ್ ಹೋಂಗೆ ಸೇರಿಸೋದಾ ಎಂಬ ಪ್ರಶ್ನೆ ಬರೋದು ಆಗಲೇ.

ಯಾವುದು ಏನು?

ಓಡಾಡಿಕೊಂಡಿರುವ ಹಿರಿಯರಿಗೆ ಊಟ, ವಸತಿ, ಜೊತೆಗಾರರು ಸಿಗುವ ಜಾಗ ವೃದ್ಧಾಶ್ರಮ. ಸ್ನಾನ, ಬಟ್ಟೆ, ಮಾತ್ರೆಗೆ ಸಹಾಯ ಬೇಕಾದವರಿಗೆ ಅಸಿಸ್ಟೆಡ್ ಲಿವಿಂಗ್. ಹಾಸಿಗೆ ಹಿಡಿದವರು, ಮೂಗಿನ ನಳಿಕೆ ಅಥವಾ ಕ್ಯಾಥೆಟರ್ ಹಾಕಿರುವವರಿಗೆ ಬೇಕಾಗೋದು ನರ್ಸಿಂಗ್ ಕೇರ್. ಎಷ್ಟೋ ವೃದ್ಧಾಶ್ರಮಗಳು ಹಾಸಿಗೆ ಹಿಡಿದವರನ್ನು ಸೇರಿಸಿಕೊಳ್ಳಲ್ಲ. ಇವತ್ತು ಓಡಾಡುವವರು ನಾಳೆ ಮಲಗಿದರೆ ಅಲ್ಲೇ ಇಟ್ಟುಕೊಳ್ತಾರಾ, ವಾಪಸ್ ಕಳಿಸ್ತಾರಾ ಅನ್ನೋದನ್ನು ಮೊದಲೇ ಕೇಳಬೇಕು.

ನೋಡಿ ಬರುವಾಗ ಕೇಳಬೇಕಾದ್ದು

* ರಾತ್ರಿ ಪಾಳಿಯಲ್ಲಿ ನರ್ಸ್ ಇರ್ತಾರಾ, ಬರೀ ಆಯಾ ಇರ್ತಾರಾ? ಓದಿದ ನರ್ಸ್‌ಗೆ ನರ್ಸಿಂಗ್ ಕೌನ್ಸಿಲ್ ನೋಂದಣಿ ಇರುತ್ತೆ.
* ಮಲಗಿರುವವರನ್ನು ಎಷ್ಟು ಹೊತ್ತಿಗೊಮ್ಮೆ ಮಗ್ಗುಲು ಬದಲಿಸ್ತಾರೆ? ಸಾಮಾನ್ಯವಾಗಿ 2 ಗಂಟೆಗೊಮ್ಮೆ ಮಾಡಬೇಕು. ಇಲ್ಲದಿದ್ದರೆ ಬೆನ್ನು, ಸೊಂಟದಲ್ಲಿ ಹಾಸಿಗೆ ಹುಣ್ಣು ಆಗುತ್ತೆ.
* ಡೈಪರ್, ಔಷಧಿ, ಆಂಬುಲೆನ್ಸ್ ಖರ್ಚು ತಿಂಗಳ ಶುಲ್ಕದಲ್ಲೇ ಸೇರಿದೆಯಾ?
* ಡಿಪಾಸಿಟ್ ಎಷ್ಟು ದಿನಕ್ಕೆ ವಾಪಸ್? ಹಿರಿಯರು ತೀರಿಕೊಂಡರೆ ಲೆಕ್ಕ ಹೇಗೆ? ಬಾಯಿಮಾತು ಬೇಡ, ಬರವಣಿಗೆಯಲ್ಲೇ ಇರಲಿ.
* ಅಲ್ಲೇ ಚಿಕಿತ್ಸೆಯನ್ನೂ ಕೊಡ್ತೀವಿ ಅಂದರೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಅಡಿ ನೋಂದಣಿ ಇದೆಯಾ?

ತೆರಿಗೆ ವಿಷಯವೂ ಒಂದಿದೆ. ಸರ್ಕಾರ ಅಥವಾ ಆದಾಯ ತೆರಿಗೆ ಕಾಯ್ದೆಯಡಿ ನೋಂದಾಯಿತ ಧರ್ಮಾರ್ಥ ಸಂಸ್ಥೆ ನಡೆಸುವ ವೃದ್ಧಾಶ್ರಮದಲ್ಲಿ, 60 ದಾಟಿದವರಿಗೆ ಊಟ-ವಸತಿ ಸೇರಿ ತಿಂಗಳಿಗೆ 25,000 ರೂ. ವರೆಗಿನ ಶುಲ್ಕಕ್ಕೆ ಜಿಎಸ್‌ಟಿ ಇಲ್ಲ.

ಮನೆ ಬರೆದುಕೊಡುವ ಮುನ್ನ

ಆಶ್ರಮದ ಖರ್ಚು ನಾನು ನೋಡಿಕೊಳ್ತೀನಿ, ಮನೆ ನನ್ನ ಹೆಸರಿಗೆ ಮಾಡಿ ಎಂದು ಮಕ್ಕಳು ಕೇಳೋದುಂಟು. ಸಹಿ ಹಾಕುವ ಮುನ್ನ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ ಸೆಕ್ಷನ್ 23 ತಿಳಿದಿರಲಿ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಕೊಟ್ಟು, ಪಡೆದವರು ನೋಡಿಕೊಳ್ಳದಿದ್ದರೆ ಆ ವರ್ಗಾವಣೆಯನ್ನು ರದ್ದು ಮಾಡಿಸಬಹುದು. ಷರತ್ತು ಇರಲೇಬೇಕು ಎಂದು 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2025ರ ಜನವರಿಯ ತೀರ್ಪಿನಲ್ಲಿ, ಕಾಯ್ದೆಯನ್ನು ಹಿರಿಯರಿಗೆ ಅನುಕೂಲವಾಗುವಂತೆ ಉದಾರವಾಗಿ ಓದಬೇಕು ಎಂದಿತು. ಆದರೂ ದಾನಪತ್ರದಲ್ಲೇ ಷರತ್ತು ಬರೆಸೋದು ಜಾಣತನ.

ಮಕ್ಕಳು ಕೈಬಿಟ್ಟರೆ ಉಪವಿಭಾಗಾಧಿಕಾರಿ ನೇತೃತ್ವದ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ವಕೀಲರು ಬೇಕೇಬೇಕು ಅಂತಿಲ್ಲ. ನೋಟಿಸ್ ತಲುಪಿದ 90 ದಿನದಲ್ಲಿ ಇತ್ಯರ್ಥವಾಗಬೇಕು. ಜೀವನಾಂಶ ತಿಂಗಳಿಗೆ ಗರಿಷ್ಠ 10,000 ರೂ. ಹಿರಿಯರನ್ನು ಎಲ್ಲೋ ಬಿಟ್ಟು ಕೈತೊಳೆದುಕೊಂಡರೆ 3 ತಿಂಗಳವರೆಗೆ ಜೈಲು, ಇಲ್ಲವೇ 5,000 ರೂ. ವರೆಗೆ ದಂಡ, ಅಥವಾ ಎರಡೂ.

ಎಲ್ಲಿ ಏನಿದೆ?

ಗವಿಪುರಂಗೆ ಹತ್ತಿರದ ವಿ.ವಿ.ಪುರಂನಲ್ಲಿ ಅಶಕ್ತ ಪೋಷಕ ಸಭಾ ವೃದ್ಧಾಶ್ರಮ ಇದೆ. ಹೊಸೂರು ರಸ್ತೆಯಲ್ಲಿ ಲಿಟಲ್ ಸಿಸ್ಟರ್ಸ್ ಆಫ್ ದಿ ಪೂರ್ ಸಂಸ್ಥೆ 1900ರಿಂದ ಬಡ ವೃದ್ಧರನ್ನು ನೋಡಿಕೊಳ್ಳುತ್ತಿದೆ. ಮರೆವಿನ ಕಾಯಿಲೆ ಇದ್ದವರಿಗೆ ಕಸ್ತೂರಿನಗರದಲ್ಲಿ ನೈಟಿಂಗೇಲ್ಸ್ ಕೇಂದ್ರವಿದೆ, ನಿಮ್ಹಾನ್ಸ್‌ನಲ್ಲಿ ವೃದ್ಧರ ವಿಭಾಗವಿದೆ. ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳನ್ನು ಮಾರತ್‌ಹಳ್ಳಿ ಬಳಿಯ ಕರುಣಾಶ್ರಯ ಉಚಿತವಾಗಿ ನೋಡಿಕೊಳ್ಳುತ್ತೆ.

ಸಹಾಯವಾಣಿ

ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ. ಬೆಂಗಳೂರು ಪೊಲೀಸರು ಮತ್ತು ನೈಟಿಂಗೇಲ್ಸ್ ಟ್ರಸ್ಟ್ ಸೇರಿ 2002ರಲ್ಲಿ ಶುರು ಮಾಡಿದ ಹಿರಿಯರ ಸಹಾಯವಾಣಿ 1090. ಅಂಗಡಿಯವರು ಈ ಎರಡೂ ನಂಬರನ್ನು ಕ್ಯಾಲೆಂಡರ್ ಪಕ್ಕ ಅಂಟಿಸಿಟ್ಟರೆ, ಒಂಟಿಯಾಗಿರುವ ಹಿರಿಯ ಗಿರಾಕಿಗಳಿಗೂ ಉಪಯೋಗಕ್ಕೆ ಬರುತ್ತೆ.