ನಮ್ಮೂರ ಕಟಿಂಗ್ ಅಂಗಡಿ: ಕಣದಿಂದ ಕುರ್ಚಿಗೆ

ಬೆಳ್ಳಿಹಬ್ಬದ ಸಂಚಿಕೆ ಅಂದರೆ ಗುಡಿ, ಮಠ, ಶಾಲೆಗಳ ಇತಿಹಾಸ ಬರೆಯುವವರು ಬಹಳ. ಹುಲಸೂರಿನ ಜನ ದಿನಾ ಕೂಡುವ ಇನ್ನೊಂದು ಜಾಗ ಇದೆ. ಅದು ಅಪ್ಪನಿಂದ ಮಗನ ಕೈಗೆ ಬಂದ ಕ್ಷೌರದ ಅಂಗಡಿ. ಅದರ ಬಗ್ಗೆ ನಾಲ್ಕು ಮಾತು ಬರೆಯುತ್ತೇವೆ.

ಈ ಕಸುಬಿನವರಿಗೆ ನಮ್ಮ ಕಡೆ ಹಡಪದವರು ಅಂತೀವಿ. ಹಡಪ ಅಂದರೆ ಎಲೆ-ಅಡಿಕೆಯ ಚೀಲ. ಕ್ಷೌರದ ಸಾಮಾನಿನ ಚೀಲಕ್ಕೂ ಅದೇ ಹೆಸರು. 12ನೇ ಶತಮಾನದಲ್ಲಿ ನಮ್ಮ ನೆರೆಯ ಕಲ್ಯಾಣದಲ್ಲಿ ಬಸವಣ್ಣನವರ ಸಂಗಡ ಇದ್ದ ಹಡಪದ ಅಪ್ಪಣ್ಣನವರು ವಚನ ಬರೆದರು, ಅವರ ಧರ್ಮಪತ್ನಿ ಲಿಂಗಮ್ಮನವರೂ ಬರೆದರು. ಈ ಸಮಾಜ ಅಪ್ಪಣ್ಣನವರನ್ನು ತನ್ನ ಹಿರಿಯರೆಂದು ನೆನೆಯುತ್ತದೆ.

ನಿಜಾಮರ ಕಾಲದಲ್ಲೂ, 1948ರ ನಂತರ ಬಹಳ ವರ್ಷವೂ ಈ ಕಸುಬು ನಡೆದದ್ದು ಆಯದ ಮೇಲೆ. ಗಡಿಯಾಚೆ ಮರಾಠಿಯವರು ಇದಕ್ಕೆ ಬಲುತೆ ಅಂತಾರೆ. ವರ್ಷಪೂರ್ತಿ ಮನೆಮಂದಿಯ ಕಟಿಂಗ್, ದಾಡಿ ಮಾಡಿದ್ದಕ್ಕೆ ರಾಶಿಯಾದಾಗ ಕಣದಲ್ಲಿ ಜೋಳ ಅಳೆದು ಕೊಡುವುದು. ಮಳೆ ಕೈಕೊಟ್ಟರೆ ರೈತನ ಜೊತೆ ಅವರ ಒಲೆಯೂ ತಣ್ಣಗೆ. 1972ರ ಬರ ಕಂಡ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮದುವೆಗೆ, ಜಾವಳಕ್ಕೆ, ಸಾವಿಗೆ ಕರೆದಾಗ ಬರಲೇಬೇಕು. ಬರೋದಿಲ್ಲ ಅನ್ನುವ ಮಾತೇ ಇಲ್ಲ. ಆ ಪದ್ಧತಿಯಲ್ಲಿ ಇನ್ನೊಂದು ಕಟ್ಟಳೆಯೂ ಇತ್ತು: ದಲಿತರ ತಲೆ ಮುಟ್ಟುವಂತಿರಲಿಲ್ಲ.

ಗಿಡದ ಕೆಳಗೆ, ಕಟ್ಟಿಯ ಮೇಲೆ ಕೂತು ಮಾಡಿಸಿಕೊಳ್ಳುವ ಕಾಲ ಹೋಗಿ ಕನ್ನಡಿ, ಕುರ್ಚಿ, ಬೆಂಚು ಬಂದವು. ಜೋಳದ ಬದಲು ರೊಕ್ಕ ಬಂತು. ಇದು ಸಣ್ಣ ಬದಲಾವಣೆ ಅಲ್ಲ. ಕಣದ ಅಂಚಿಗೆ ಕಾಯುತ್ತಾ ನಿಂತಿದ್ದ ಮನೆತನ ತನ್ನ ರೇಟನ್ನು ತಾನೇ ಗೋಡೆಗೆ ಬರೆದು ಹಾಕಿತು. ಗೌಡರಾಗಲಿ, ಕೂಲಿಯವರಾಗಲಿ, ಬಂದವರು ಪಾಳಿ ಹಿಡಿದು ಕೂಡಬೇಕಾಯಿತು. ಪೇಪರ್ ಒಂದೇ, ಓದುವವರು ಹತ್ತು ಮಂದಿ. ತೊಗರಿ ದರ, ಸೋಯಾ ಬೀಜ, ಕನ್ಯಾ-ವರದ ಸುದ್ದಿ, ಎಲೆಕ್ಷನ್, ಎಲ್ಲಾ ಅಲ್ಲೇ. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪದ ಮಾತು ಆ ಬೆಂಚಿನ ಮೇಲೆ ಎಷ್ಟೋ ದಿನ ನಡೆಯಿತು. ನಮ್ಮ ಸಂಘದ ನೋಟಿಸು ಓದದವರಿಗೂ ಸಭೆಯ ತಾರೀಖು ತಿಳಿಯುವುದು ಅಲ್ಲಿಯೇ!

2020ರ ಲಾಕ್‌ಡೌನ್‌ನಲ್ಲಿ ಈ ಬಾಗಿಲುಗಳು ಮುಚ್ಚಿದವು. ಆ ಮೇ ತಿಂಗಳಲ್ಲಿ ರಾಜ್ಯ ಸರಕಾರ ಸುಮಾರು 2,30,000 ಕ್ಷೌರಿಕರಿಗೆ ತಲಾ 5,000 ರೂಪಾಯಿ ಪರಿಹಾರ ಘೋಷಿಸಿತು, ಅದೂ ಒಂದೇ ಸಲ. ದಿನದ ಗಲ್ಲಾ ನಂಬಿದ ಮನೆಗೆ ಅದು ಎಷ್ಟು ದಿನ ಬಂದೀತು? ಕಲಿತ ಮಕ್ಕಳು ಪುಣೆ, ಹೈದರಾಬಾದ್ ಕಡೆ ಮುಖ ಮಾಡಿದರೆ ಅದು ಅವರ ತಪ್ಪಲ್ಲ.

ಆದರೆ ಹೆಚ್ಚಿನ ಚಿಂತೆ ಬೇರೆಯದು. ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ ದಲಿತರನ್ನು ಕಟಿಂಗ್ ಅಂಗಡಿ, ಹೋಟೆಲ್ ಒಳಗೆ ಬಿಡದ ಜಗಳ ಬೆಳೆದು 2014ರ ಆಗಸ್ಟ್‌ನಲ್ಲಿ ಗುಡಿಸಲುಗಳಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರ್‌ನಲ್ಲಿ ಅಲ್ಲಿನ ಜಿಲ್ಲಾ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ನಂಜನಗೂಡು ತಾಲ್ಲೂಕಿನ ಹಲ್ಲರೆಯಲ್ಲಿ ದಲಿತರಿಗೆ ಕಟಿಂಗ್ ಮಾಡಿದ್ದಕ್ಕೆ ಕ್ಷೌರಿಕರೊಬ್ಬರಿಗೇ 50,000 ರೂಪಾಯಿ ದಂಡ ಹಾಕಿದ ಸುದ್ದಿ 2020ರಲ್ಲಿ ಬಂತು. ಅಸ್ಪೃಶ್ಯತೆಯ ಕಾರಣಕ್ಕೆ ಯಾರನ್ನೇ ಆಗಲಿ ಅಂಗಡಿಯಿಂದ ಹೊರಗಿಡುವುದು 1955ರ ಕಾಯ್ದೆಯಂತೆ ಅಪರಾಧ. ಕತ್ತರಿ ಹಿಡಿದವರ ಮೇಲೆ ಊರಿನ ದೊಡ್ಡವರ ಒತ್ತಡ ಇದ್ದರೆ ಅವರೊಬ್ಬರೇ ಕಾಯ್ದೆ ಉಳಿಸಲಾರರು. ಅವರ ಬೆನ್ನಿಗೆ ಊರು ನಿಲ್ಲಬೇಕು.

ನಮ್ಮ ಸಂಘದಲ್ಲಿ ಷೇರು ಎಷ್ಟೇ ಇರಲಿ, ಒಬ್ಬ ಸದಸ್ಯನಿಗೆ ಒಂದೇ ಮತ. ಕಟಿಂಗ್ ಅಂಗಡಿಯ ಪಾಳಿಯೂ ಹಾಗೆಯೇ. ಹೊಲಕ್ಕೆ, ಎಮ್ಮೆಗೆ ಸಾಲ ಕೇಳುವ ನಾವು ಈ ಕಸುಬಿನ ಮಕ್ಕಳಿಗೆ ಕುರ್ಚಿ, ಮಶೀನಿಗೂ ಸಾಲ ಸಿಗುವ ದಾರಿ ನೋಡಬೇಕು. ಮುಂದಿನ ಸರ್ವಸಾಧಾರಣ ಸಭೆಯಲ್ಲಿ ಈ ಮಾತು ಇಡುತ್ತೇವೆ. ಕಲ್ಯಾಣದ ನೆರಳಿನಲ್ಲಿರುವ ನಮ್ಮೂರಲ್ಲಿ ಆ ಬೆಂಚು ಯಾವತ್ತೂ ಎಲ್ಲರದ್ದಾಗಿರಲಿ. ಸದಸ್ಯ ಬಾಂಧವರು ವಿಚಾರ ಮಾಡಿ ಸಹಕರಿಸಬೇಕೆಂದು ವಿನಂತಿ.